ಎಸ್‌ಎಂಬಿಗೆ ಸ್ಪೂಲ್, ಪೌಚ್ ಮನೇಲೇ ಮಾಡೋದು: ಮಡಚಿಡೋದ್ರಿಂದ ಮೇಲೆ ಬಿಡೋ ತನಕ

ಎಸ್‌ಎಂಬಿ (ಡೈವರ್ ಇರೋ ಜಾಗ ತೋರಿಸೋಕೆ ನೀರೊಳಗಿಂದ ಹುರಿ ಕಟ್ಟಿ ಮೇಲೆ ಬಿಡೋ ಗಾಳಿ ಚೀಲ) ಬಿಡೋಕೆ ಹೋಗಿ ಕೆಟ್ಟವರ ಗೋಳು ಹೆಚ್ಚುಕಡಿಮೆ ಒಂದೇ ಥರ ಇರತ್ತೆ. ದಾರ ಸಿಕ್ಕಾಯ್ತು, ಚೀಲ ಮೇಲೆ ಹೋಗಿ ನಿಲ್ಲದೆ ಚಪ್ಪಟೆ ಮಲಗ್ಬಿಡ್ತು, ದಾರ ಸುತ್ತಿರೋ ಸ್ಪೂಲ್ ಕೈಯಿಂದ ಕಿತ್ಕೊಂಡು ಹೋಯ್ತು, ಇಲ್ಲಾ ಪೌಚ್‌ನಿಂದ ಅದನ್ನ ಈಚೆ ಎಳೆಯೋಷ್ಟರಲ್ಲಿ ನಾನೇ ಮೂರು ಮೀಟರ್ ಮೇಲೆ ಬಂದ್ಬಿಟ್ಟಿದ್ದೆ. ಕೇಳಿದವರೆಲ್ಲ "ಬಿಡೋವಾಗ ಏನು ತಪ್ಪು ಮಾಡ್ದೆ" ಅಂತಾನೇ ಕೇಳ್ತಾರೆ, ಆದ್ರೆ ನಾನು ನೋಡಿರೋ ಮಟ್ಟಿಗೆ ತಪ್ಪು ಆಗಿರೋದು ಹಿಂದಿನ ದಿನ ಮನೇಲಿ ಮಡಚಿಡೋವಾಗ. ಅದಕ್ಕೇ ಇಲ್ಲಿ ಸ್ಪೂಲ್ ಮಾಡೋದಕ್ಕೂ ಮಡಚೋದಕ್ಕೂ ಜಾಗ ಜಾಸ್ತಿ ಕೊಟ್ಟಿದ್ದೀನಿ.

ಒಂದು ಮಾತು ಮೊದಲೇ. ಇದು ಸರ್ಟಿಫಿಕೇಟ್ ಇರೋ, ನೀರಲ್ಲಿ ಒಂದೇ ಆಳದಲ್ಲಿ ಅಲುಗಾಡದೆ ನಿಲ್ಲೋಕೆ ಬರೋ ಡೈವರ್‌ಗಳಿಗೆ. ಕೈಯಲ್ಲಿ ಕೆಲಸ ಮಾಡ್ತಾ ಮಾಡ್ತಾ ಒಂದು ಮೀಟರ್ ಮೇಲೆ ಕೆಳಗೆ ಆಗ್ತಿದೆ ಅಂದ್ರೆ ಮೊದಲು ಅದನ್ನ ಸರಿ ಮಾಡ್ಕೊಳ್ಳಿ, ಸ್ಪೂಲ್ ಆಮೇಲೆ.

## 1. ಯಾವುದನ್ನ ಮಾಡ್ಬೇಕು, ಯಾವುದನ್ನ ಕೊಳ್ಳಬೇಕು

ಮನೇಲಿ ಮಾಡಬಹುದಾದ್ದು: ಫಿಂಗರ್ ಸ್ಪೂಲ್, ಪೌಚ್, ಕಟ್ಟಿಡೋ ರಬ್ಬರ್ ಉಂಗುರ, ಬಂಜಿ ಲೂಪ್ (ಎಳೆದ್ರೆ ಹಿಗ್ಗೋ ಹುರಿಯ ಕುಣಿಕೆ). ಕೊಳ್ಳಲೇಬೇಕಾದ್ದು: ಎಸ್‌ಎಂಬಿ ಚೀಲ ಮತ್ತೆ ಡಬಲ್ ಎಂಡರ್ ಕ್ಲಿಪ್ (ಎರಡೂ ತುದಿಯಲ್ಲಿ ಕೊಂಡಿ ಇರೋದು).

ಚೀಲನೂ ನಾನೇ ಹೊಲೀತೀನಿ ಅಂತ ಹೊರಡೋರು ಇರ್ತಾರೆ, ಬೇಡ. ಹೊಲಿದ್ರೆ ಸೂಜಿ ತೂತಲ್ಲೆಲ್ಲ ಗಾಳಿ ಸೋರತ್ತೆ, ಕಂಪನಿ ಚೀಲಗಳಲ್ಲಿ ಬಟ್ಟೆನ ಬಿಸಿಯಲ್ಲಿ ಬೆಸೆದಿರ್ತಾರೆ. ಅದಕ್ಕಿಂತ ಮುಖ್ಯ ಒತ್ತಡ ಹೆಚ್ಚಾದಾಗ ಗಾಳಿ ಹೊರಬಿಡೋ ವಾಲ್ವ್. 20 ಮೀಟರ್‌ನಲ್ಲಿ ಒತ್ತಡ 3 ಬಾರ್, ಅಂದ್ರೆ ಅಲ್ಲಿ ತುಂಬಿಸಿದ 1 ಲೀಟರ್ ಗಾಳಿ ಮೇಲೆ ಬರೋಷ್ಟರಲ್ಲಿ 3 ಲೀಟರ್ ಆಗತ್ತೆ, 30 ಮೀಟರ್‌ನಲ್ಲಿ ತುಂಬಿದ್ದು 4 ಆಗತ್ತೆ. ಬಾಯಿ ಮುಚ್ಚಿರೋ ಚೀಲದಲ್ಲಿ ಆ ಹೆಚ್ಚಿನ ಗಾಳಿ ಹೊರಗೆ ಹೋಗೋಕೆ ದಾರಿ ಇಲ್ದಿದ್ರೆ ದಾರಿ ಮಧ್ಯೆನೇ ಒಡೆಯತ್ತೆ.

ಕ್ಲಿಪ್ ವಿಷ್ಯದಲ್ಲಿ 316 ಗ್ರೇಡ್ ಸ್ಟೇನ್‌ಲೆಸ್ ಸ್ಟೀಲ್ ನೋಡಿ ತಗೊಳ್ಳಿ. ಉಪ್ಪುನೀರಲ್ಲಿ 304 ಕೂಡ ಚುಕ್ಕೆ ಚುಕ್ಕೆಯಾಗಿ ತಿಂದುಹೋಗತ್ತೆ, ಹಿತ್ತಾಳೆ ಥರ ಹೊಳೆಯೋ ಲೇಪನ ಕೊಟ್ಟ ಅಗ್ಗದ ಕ್ಲಿಪ್‌ಗಳಲ್ಲಿ ಒಳಗಿನ ಸ್ಪ್ರಿಂಗೇ ಮೊದಲು ತುಕ್ಕು ಹಿಡಿಯೋದು.

## 2. ಬೇಕಾದ ಸಾಮಾನು

ಗಟ್ಟಿ ಪಿವಿಸಿ ಶೀಟ್ (8 ಮಿಲಿಮೀಟರ್ ದಪ್ಪ), 40 ಮಿಲಿಮೀಟರ್ ಹೊರವ್ಯಾಸದ ಪಿವಿಸಿ ಪೈಪ್ ತುಂಡು, ಪಿವಿಸಿ ಸಾಲ್ವೆಂಟ್ ಸಿಮೆಂಟ್, 2 ಮಿಲಿಮೀಟರ್ ದಪ್ಪದ ಹೆಣೆದ ನೈಲಾನ್ ಹುರಿ 30 ಮೀಟರ್, ದಪ್ಪ ನೈಲಾನ್ ಬಟ್ಟೆ, ಜಾಲರಿ ಬಟ್ಟೆ, 25 ಮಿಲಿಮೀಟರ್ ಅಗಲದ ನೈಲಾನ್ ಪಟ್ಟಿ, 50 ಮಿಲಿಮೀಟರ್ ವೆಲ್ಕ್ರೋ, ಬಂಜಿ ಕಾರ್ಡ್, ಹಳೇ ಸೈಕಲ್ ಟ್ಯೂಬ್, ಪಾಲಿಯೆಸ್ಟರ್ ದಾರ. ಉಪಕರಣ ಅಂದ್ರೆ ಡ್ರಿಲ್, ಹೋಲ್ ಸಾ, ಗರಗಸ, ಅರ, ಸ್ಯಾಂಡ್ ಪೇಪರ್, ಹೊಲಿಗೆ ಮಷೀನ್ ಅಥವಾ ದಬ್ಬಳ, ಲೈಟರ್.

ಶೀಟ್ ತರೋವಾಗ ಎಡವೋರು ತುಂಬಾ. ಬೋರ್ಡ್ ಬರೆಯೋಕೆ ಬಳಸೋ ಹಗುರ ಫೋಮ್ ಶೀಟ್‌ಗೂ ಪಿವಿಸಿ ಅಂತಾನೇ ಹೆಸರು, ಅದು ಬೆಂಡಿನ ಥರ ತೇಲತ್ತೆ, ಒತ್ತಿದ್ರೆ ಉಗುರು ಮೂಡತ್ತೆ. ಒಂದು ಚೂರು ಬಕೆಟ್ ನೀರಿಗೆ ಹಾಕಿ ನೋಡಿ, ಮುಳುಗಿದ್ರೆ ಸರಿ. ತರಕಾರಿ ಹೆಚ್ಚೋ ಬಿಳಿ ಪ್ಲಾಸ್ಟಿಕ್ ಹಲಗೆ ಸಾಮಾನ್ಯವಾಗಿ ಎಚ್‌ಡಿಪಿಇ, ಅದೂ ತೇಲತ್ತೆ, ಜೊತೆಗೆ ಯಾವ ಅಂಟೂ ಅದಕ್ಕೆ ನೆಟ್ಟಗೆ ಹಿಡಿಯಲ್ಲ. ಅದರಲ್ಲೇ ಮಾಡ್ತೀನಿ ಅಂದ್ರೆ ಅಂಟು ಮರೆತು ಸ್ಟೇನ್‌ಲೆಸ್ ಬೋಲ್ಟ್ ಹಾಕಿ ಬಿಗಿದು ಮಾಡ್ಬೇಕು.

ಮರ ಬೇಡವೇ ಬೇಡ. ನನ್ನ ಮೊದಲನೇ ಸ್ಪೂಲ್ ಪ್ಲೈವುಡ್‌ದು, ಮೂರು ಕೋಟ್ ವಾರ್ನಿಷ್ ಹೊಡೆದು ಬಹಳ ಚೆಂದ ಮಾಡಿದ್ದೆ, ನಾಲ್ಕನೇ ಡೈವ್ ಹೊತ್ತಿಗೆ ಮರ ಊದಿ ನಡುವಿನ ತೂತು ಕಿರಿದಾಗಿ ಗ್ಲೌಸ್ ಹಾಕಿದ ಬೆರಳು ಅದರಲ್ಲಿ ಸಿಕ್ಕಾಕೊಳ್ತು. ಮೇಲೆ ಹೋಗೋ ಚೀಲಕ್ಕೆ ಕಟ್ಟಿರೋ ಸ್ಪೂಲ್‌ನಲ್ಲಿ ಬೆರಳು ಸಿಕ್ಕೋದು ಅಂದ್ರೆ ಏನು ಅಂತ ಬಿಡಿಸಿ ಹೇಳ್ಬೇಕಾಗಿಲ್ಲ. ಪುಣ್ಯಕ್ಕೆ ಇನ್ನೂ ಗಾಳಿ ತುಂಬಿರಲಿಲ್ಲ.

## 3. ಸ್ಪೂಲ್ ಮಾಡೋದು

ಇದು ದಾರದ ದೊಡ್ಡ ಕಂಡಿಕೆ ಅಷ್ಟೇ. ಎರಡು ಬಿಲ್ಲೆ, ನಡುವೆ ಒಂದು ಕೊಳವೆ, ಕೊಳವೆಯ ತೂತಲ್ಲಿ ನಿಮ್ಮ ಬೆರಳು.

ಅಳತೆ. ಬಿಲ್ಲೆ ವ್ಯಾಸ 100 ಮಿಲಿಮೀಟರ್, ಕೊಳವೆ 40, ಬಿಲ್ಲೆಗಳ ನಡುವಿನ ಜಾಗ 40. ಈ ಲೆಕ್ಕಕ್ಕೆ 2 ಮಿಲಿಮೀಟರ್ ಹುರಿ 30 ಮೀಟರ್ ಸುತ್ತಿದ್ರೆ ಅಂಚಿಂದ 1 ಸೆಂಟಿಮೀಟರ್ ಖಾಲಿ ಉಳಿಯತ್ತೆ. ಆ ಖಾಲಿ ಜಾಗ ಬೇಕೇ ಬೇಕು, "ಇನ್ನೂ ಹತ್ತು ಮೀಟರ್ ಹಿಡಿಯತ್ತೆ" ಅಂತ ಅಂಚಿನ ತನಕ ತುಂಬಿದೋರ ಸ್ಪೂಲೇ ಹಕ್ಕಿಗೂಡಿನ ಥರ ಸಿಕ್ಕಾಗೋದು.

ಕತ್ತರಿಸೋದು. ಬಿಲ್ಲೆಗಳ ನಡುವೆ ಕೊಳವೆ ಇಟ್ಟು ಬರೀ ಅಂಚಿಗೆ ಅಂಟು ಹಾಕಿದ್ರೆ ನಿಲ್ಲಲ್ಲ, ಒಂದು ಏಟಿಗೆ ಕಳಚಿಕೊಳ್ಳತ್ತೆ. ಎರಡೂ ಬಿಲ್ಲೆಗೆ 40ರ ತೂತು ಕೊರೆದು ಕೊಳವೆನ ಆರುಪಾರು ತೂರಿಸಿ, ಆಗ ಬಿಲ್ಲೆಯ 8 ಮಿಲಿಮೀಟರ್ ದಪ್ಪದಷ್ಟೂ ಅಂಟು ಹಿಡಿಯೋಕೆ ಜಾಗ ಸಿಗತ್ತೆ. ಹಾಗಾಗಿ ಕೊಳವೆ ಉದ್ದ 40 ಅಲ್ಲ, 56. ಇದನ್ನ ಮರೆತು ಪೈಪ್ ಗಿಡ್ಡ ಕತ್ತರಿಸೋದು ಮಾಮೂಲು.

ಅಂಚಿನ ತೂತು. ಕ್ಲಿಪ್ ಸಿಕ್ಕಿಸೋಕೆ ಪ್ರತಿ ಬಿಲ್ಲೆಗೂ ಅಂಚಿನ ಹತ್ರ 12 ಮಿಲಿಮೀಟರ್‌ನ ಮೂರು ತೂತು, ಎರಡೂ ಬಿಲ್ಲೆಯದ್ದು ಎದುರುಬದುರು ಬರೋ ಹಾಗೆ. ಅಂಟು ಹಾಕೋಕೆ ಮೊದಲು ಎರಡನ್ನೂ ಜೋಡಿಸಿ ಹಿಡಿದು ಒಟ್ಟಿಗೇ ಕೊರೆದ್ರೆ ತಾನಾಗೇ ಸರಿ ಬರತ್ತೆ. ಕೊಳವೆ ಮಧ್ಯದಲ್ಲಿ ಹುರಿಯ ತುದಿ ಕಟ್ಟೋಕೆ 4 ಮಿಲಿಮೀಟರ್‌ನ ಒಂದು ತೂತು.

ನಯ ಮಾಡೋದು. ಎಲ್ಲಾ ಅಂಚು, ಎಲ್ಲಾ ತೂತು, ಕೊಳವೆಯ ಒಳಬಾಯಿ ಸೇರಿಸಿ, ಮೊದಲು ಅರ ಆಮೇಲೆ ಸ್ಯಾಂಡ್ ಪೇಪರ್. ಇದು ಬೇಜಾರಿನ ಕೆಲಸ, ಅದಕ್ಕೇ ಎಲ್ರೂ ಅರ್ಧಕ್ಕೆ ಬಿಡ್ತಾರೆ. ಒಂದು ಹಳೇ ನೈಲಾನ್ ಸಾಕ್ಸ್‌ನ ಮೇಲೆಲ್ಲ ಉಜ್ಜಿ ನೋಡಿ, ಎಲ್ಲಿ ಎಳೆ ಹಿಡಿಯತ್ತೋ ಅಲ್ಲೇ ನಾಳೆ ಹುರಿ ಹಿಡಿಯತ್ತೆ.

ಅಂಟು, ಪರೀಕ್ಷೆ. ಅಂಟಿಸೋ ಜಾಗ ತುಸು ಒರಟು ಮಾಡಿ, ಒರೆಸಿ, ಸಿಮೆಂಟ್ ಬಳಿದು ತೂರಿಸಿ, ಕಿಟಕಿ ತೆಗೆದಿಟ್ಟು ಮಾಡಿ, ಆ ವಾಸನೆ ತಲೆ ತಿರುಗಿಸತ್ತೆ. ಒಂದು ದಿನ ಪೂರ್ತಿ ಒಣಗಿ ಆದ್ಮೇಲೆ ಒಂದು ರಾತ್ರಿ ನೀರಲ್ಲಿ ನೆನೆಹಾಕಿ, ಹುರಿ ಸುತ್ತಿ 12 ಕೆಜಿ ತೂಗುಹಾಕಿ ನೋಡಿ. 12 ಯಾಕೆ ಅಂದ್ರೆ, ಮಡಚಿದಾಗ 15 ಸೆಂಟಿಮೀಟರ್ ಅಗಲ, 1.2 ಮೀಟರ್ ಉದ್ದ ಇರೋ ಚೀಲ ತುಂಬಿದಾಗ ಸುಮಾರು 8.5 ಲೀಟರ್ ಹಿಡಿಯತ್ತೆ, ಪ್ರತಿ ಲೀಟರ್‌ಗೂ ಹತ್ತಿರಹತ್ತಿರ 1 ಕೆಜಿ ಮೇಲೆಳೆಯೋ ಬಲ, ಅದರ ಮೇಲೆ ಅಲೆಯ ಜಗ್ಗಾಟಕ್ಕೆ ಸ್ವಲ್ಪ ಸೇರಿಸಿದ್ದು. ಅಂಟಿನ ಹತ್ರ ಬಿಳಿ ಗೆರೆ ಕಂಡ್ರೆ ಆ ಸ್ಪೂಲ್ ಮನೇಲೇ ಇರ್ಲಿ.

## 4. ಹುರಿ ಸುತ್ತೋದು

ಹೆಣೆದ ನೈಲಾನ್ ಅಥವಾ ಪಾಲಿಯೆಸ್ಟರ್ ತಗೊಳ್ಳಿ, ಎರಡೂ ನೀರಲ್ಲಿ ಮುಳುಗತ್ತೆ. ಪಾಲಿಪ್ರೊಪಿಲೀನ್ ತೇಲತ್ತೆ, ಸಡಿಲ ಬಿಟ್ಟ ತಕ್ಷಣ ನಿಮ್ಮ ತಲೆ ಮೇಲೆ ಕುಣಿಕೆ ಕುಣಿಕೆಯಾಗಿ ನಿಲ್ಲತ್ತೆ, ಅದು ಬೋಟಿನ ಪ್ರೊಪೆಲ್ಲರ್‌ಗೂ ಒಳ್ಳೇದಲ್ಲ ನಿಮಗೂ ಒಳ್ಳೇದಲ್ಲ. ಗಾಳದ ಪ್ಲಾಸ್ಟಿಕ್ ದಾರ ಬೆರಳು ಕುಯ್ಯತ್ತೆ. ಹತ್ತಿ ದಾರ ಕೊಳೆಯತ್ತೆ.

ಎಷ್ಟು ಉದ್ದ ಅಂದ್ರೆ, ನೀವು ಬಿಡೋ ಅತಿ ಹೆಚ್ಚು ಆಳದ ಒಂದೂವರೆ ಪಟ್ಟು ಇಟ್ಕೊಳ್ಳಿ. 20 ಮೀಟರ್‌ನಿಂದ ಬಿಡೋದಾದ್ರೆ 30. ಹರಿವು ಇರೋ ಕಡೆ ಹುರಿ ನೆಟ್ಟಗೆ ನಿಲ್ಲಲ್ಲ, ಓರೆಯಾಗಿ ಹೋಗತ್ತೆ, ಆಳದಷ್ಟೇ ಉದ್ದ ಇದ್ರೆ ಸಾಲಲ್ಲ.

1. ಹುರಿನ ಸಿಹಿನೀರಲ್ಲಿ ಒಂದು ರಾತ್ರಿ ನೆನೆಸಿ. ನೈಲಾನ್ ನೀರು ಕುಡಿದು ಅಳತೆ ಬದಲಾಯಿಸತ್ತೆ, ಒಣ ಹುರಿ ಬಿಗಿದು ಸುತ್ತಿದ್ರೆ ನೀರಲ್ಲಿ ಅದರ ಬಿಗಿ ಬೇರೆಯೇ ಆಗಿರತ್ತೆ.
2. ಒಳತುದಿನ ಕೊಳವೆಯ ಚಿಕ್ಕ ತೂತಲ್ಲಿ ತೂರಿಸಿ, ಒಂದು ಸುತ್ತು ಹಾಕಿ, ಗಂಟು ಬಿಗಿದು, ತುದಿ ಲೈಟರ್‌ನಲ್ಲಿ ಕರಗಿಸಿ. ಗಂಟು ಬೆರಳು ಹೋಗೋ ದಾರಿಯಲ್ಲಿ ಉಬ್ಬಿರಬಾರದು.
3. ಸುತ್ತೋವಾಗ ಸ್ಪೂಲ್‌ನ ತಿರುಗಿಸಿ, ಹುರಿನ ಅಲ್ಲ. ಸ್ಪೂಲ್ ಹಿಡ್ಕೊಂಡು ಹುರಿನ ಅದರ ಸುತ್ತ ಎಸೆದು ಸುತ್ತಿದ್ರೆ ಪ್ರತಿ ಸುತ್ತಿಗೂ ಒಂದು ತಿರುಚು ಬೀಳತ್ತೆ, ನೂರೈವತ್ತು ಸುತ್ತಿಗೆ ನೂರೈವತ್ತು ತಿರುಚು, ಅದೆಲ್ಲ ನೀರಲ್ಲಿ ಬಿಚ್ಚೋವಾಗ ಒಟ್ಟಿಗೆ ಸೇಡು ತೀರಿಸ್ಕೊಳ್ಳತ್ತೆ.
4. ಹೊರತುದಿಗೆ ಎಂಟರ ಆಕಾರದ ಗಂಟಲ್ಲಿ 25 ಸೆಂಟಿಮೀಟರ್‌ನ ಕುಣಿಕೆ. ಇಡೀ ಸ್ಪೂಲ್ ಅದರೊಳಗೆ ದಾಟಬೇಕು, ದಾಟಿಸಿ ನೋಡಿ. ಚೀಲದ ಕೆಳಗಿನ ಪಟ್ಟಿಗೆ ಕುಣಿಕೆ ತೂರಿಸಿ ಅದರೊಳಗೆ ಸ್ಪೂಲ್ ದಾಟಿಸಿ ಎಳೆದ್ರೆ ಗಂಟು ಹಾಕದೇ ಬಿಗಿಯಾಗತ್ತೆ, ಬಿಚ್ಚೋದೂ ಹಾಗೇ ಸುಲಭ.

## 5. ಪೌಚ್

15 ಸೆಂಟಿಮೀಟರ್ ಅಗಲದ ಚೀಲನ ಬಿಗಿಯಾಗಿ ಸುರುಳಿ ಸುತ್ತಿದ್ರೆ ಹಿಡಿಯಷ್ಟು ದಪ್ಪ ಆಗತ್ತೆ, ಅದರ ಪಕ್ಕಕ್ಕೆ ಸ್ಪೂಲ್. ಪೌಚ್ 18 ಸೆಂಟಿಮೀಟರ್ ಅಗಲ, 25 ಎತ್ತರ, 7 ಆಳ ಇದ್ರೆ ಕೈ ಒಳಗೆ ಹೋಗೋಕೂ ಜಾಗ ಇರತ್ತೆ. ಬಿಗಿ ಪೌಚ್ ನೋಡೋಕೆ ಅಂದ, ಆದ್ರೆ ಗ್ಲೌಸ್ ಕೈ ಒಳಗೆ ಹೋಗದಿದ್ರೆ ಏನು ಬಂತು. ತಳಕ್ಕೆ ಜಾಲರಿ ಹಾಕಿ, ಇಲ್ದಿದ್ರೆ ದೋಣಿ ಹತ್ತೋವಾಗ ಒಂದು ಲೀಟರ್ ನೀರೂ ಹೊತ್ಕೊಂಡು ಹತ್ತಬೇಕು.

ವೆಲ್ಕ್ರೋದ ಮುಳ್ಳಿನ ಭಾಗ ಮುಚ್ಚಳಕ್ಕೆ, ಮೆತ್ತನೆ ಭಾಗ ಪೌಚ್ ಮೈಗೆ. ಉಲ್ಟಾ ಹಾಕಿದ್ರೆ ಹುರಿ ಈಚೆ ಬರೋವಾಗ್ಲೆಲ್ಲ ಮುಳ್ಳಿಗೆ ತಾಗಿ ಎಳೆ ಎಳೆ ಏಳತ್ತೆ. ಮುಚ್ಚಳದ ತುದಿಯಲ್ಲಿ ನೈಲಾನ್ ಪಟ್ಟಿಯ ಒಂದು ಕಿವಿ ಹೊಲೀರಿ, ನೋಡದೇ ಹಿಡಿದು ಎಳೆಯೋಕೆ.

ಒಳಗೆ ಮೇಲ್ತುದಿಯಲ್ಲಿ ಬಂಜಿ ಕಾರ್ಡ್‌ನ ಒಂದು ಲೂಪ್, ಇದು ಪೌಚ್‌ನ ಜೀವ. ಒಳಗಿರೋದೆಲ್ಲ ಇದಕ್ಕೇ ಕ್ಲಿಪ್ ಆಗಿರ್ಬೇಕು, ಮುಚ್ಚಳ ತಾನಾಗೇ ತೆರೆದ್ರೂ ಏನೂ ಬೀಳಬಾರದು. ಪಟ್ಟಿ ಕೂಡಿಸೋ ಜಾಗದಲ್ಲೆಲ್ಲ ಚೌಕ ಹೊಲಿದು ಒಳಗೆ ಅಡ್ಡಡ್ಡ ಗುಣಿಸಿನ ಗುರುತು ಹೊಲೀರಿ, ತುದಿಗಳನ್ನ ಸುಟ್ಟು ಮುಚ್ಚಿ.

## 6. ಮಡಚಿಡೋದು

ಇಲ್ಲಿ ನಿಧಾನ ಮಾಡಿ. ನೀರಲ್ಲಿ ಏನೇನು ಯಾವ ಸಾಲಲ್ಲಿ ಕೈಗೆ ಬರ್ಬೇಕೋ ಅದರ ತಿರುವುಮುರುವು ಸಾಲಲ್ಲಿ ಒಳಗೆ ಹೋಗ್ಬೇಕು.

ಮೊದಲು ಗಾಳಿ. ಚೀಲನ ಮೇಜಿನ ಮೇಲೆ ಹಾಸಿ, ವಾಲ್ವ್ ಎಳೆದು ಹಿಡಿದು, ಅಂಗೈಯಿಂದ ಒತ್ತುತ್ತಾ ಗಾಳಿ ಪೂರ್ತಿ ತೆಗೀರಿ. ಒಂದು ಲೋಟದಷ್ಟು ಗಾಳಿ ಉಳಿದಿದ್ರೂ ಸುರುಳಿ ಬಿಗಿ ಬರಲ್ಲ.

ಸುರುಳಿ. ಮೇಲ್ತುದಿಯಿಂದ ಶುರು ಮಾಡಿ ಬಾಯಿ ಕಡೆಗೆ ಸುತ್ತಿ. ಆಗ ಗಾಳಿ ತುಂಬೋ ಬಾಯಿನೂ ಹುರಿ ಕಟ್ಟೋ ಪಟ್ಟಿನೂ ಹೊರಗೆ ಇರತ್ತೆ. ಉಲ್ಟಾ ಸುತ್ತಿದ್ರೆ ನೀರಲ್ಲಿ ಪೂರ್ತಿ ಬಿಚ್ಚಿದ್ಮೇಲೇ ಬಾಯಿ ಸಿಗೋದು, ಒಂದೂಕಾಲು ಮೀಟರ್ ಬಟ್ಟೆ ಮುಖದ ಮುಂದೆ ಬಾವುಟದ ಥರ ಹಾರಾಡ್ತಾ ಇರತ್ತೆ.

ಹುರಿ ಕಟ್ಟಿಡೋದು. ಮೊದಲೇ ಕಟ್ಟಿಡ್ಬೇಕಾ, ನೀರಲ್ಲಿ ಕಟ್ಬೇಕಾ ಅನ್ನೋದಕ್ಕೆ ಜಗಳ ಇದೆ. ನಾನು ಕಟ್ಟಿಡೋ ಪಕ್ಷ. ನೀರಲ್ಲಿ ಮಾಡೋ ಕೆಲಸ ಒಂದು ಕಮ್ಮಿಯಾದ್ರೂ ಲಾಭ. ಚೀಲಕ್ಕೂ ಸ್ಪೂಲ್‌ಗೂ ಮಧ್ಯೆ ಒಂದು ಗೇಣು ಸಡಿಲ ಇದ್ರೆ ಸಾಕು, ಅದಕ್ಕಿಂತ ಜಾಸ್ತಿ ಬಿಟ್ರೆ ಪೌಚ್ ಒಳಗೇ ಸಿಕ್ಕು ಹುಟ್ಟತ್ತೆ.

ಕ್ಲಿಪ್. ಡಬಲ್ ಎಂಡರ್‌ನ ಒಂದು ಕೊಂಡಿ ಅಂಚಿನ ತೂತಿನ ಮೂಲಕ ಹೋಗಿ ಹುರಿನೂ ಸೇರಿಸಿ ಹಿಡಿದಿರ್ಲಿ, ಸ್ಪೂಲ್ ಬಿಚ್ಚಿಕೊಳ್ಳಲ್ಲ. ಇನ್ನೊಂದು ಕೊಂಡಿ ಪೌಚ್‌ನ ಬಂಜಿ ಲೂಪ್‌ಗೆ.

ಉಂಗುರ. ಸೈಕಲ್ ಟ್ಯೂಬ್‌ನಿಂದ ಎರಡು ಸೆಂಟಿಮೀಟರ್ ಅಗಲದ ಉಂಗುರ ಕತ್ತರಿಸಿ ಸುರುಳಿಗೆ ಹಾಕಿ. ಒಂದೇ ಸಾಕು. ಒಂದು ಮೂಲೆ ಹೊರಗೆ ಚಾಚಿರೋ ಹಾಗೆ ಕತ್ತರಿಸಿದ್ರೆ ಹೆಬ್ಬೆರಳಲ್ಲಿ ಎಳೆದು ಕಳಚಬಹುದು.

ಈಗ ಪರೀಕ್ಷೆ. ಗ್ಲೌಸ್ ಹಾಕಿ, ಕಣ್ಣು ಮುಚ್ಚಿ, ಪೌಚ್‌ನ ಅದು ಇರಬೇಕಾದ ಜಾಗದಲ್ಲೇ ಕಟ್ಕೊಂಡು, ಒಂದೇ ಕೈಯಲ್ಲಿ ತೆಗೆದು ಬಿಚ್ಚಿ. ಹತ್ತು ಸಲ. ಎಲ್ಲಾದ್ರೂ ಕೈ ತಡಕಾಡಿದ್ರೆ ಆ ಜಾಗ ಬದಲಾಯಿಸಿ. ಮನೆಯವರು ವಿಚಿತ್ರವಾಗಿ ನೋಡ್ತಾರೆ, ನೋಡ್ಲಿ.

## 7. ನೀರಲ್ಲಿ ಬಿಡೋದು

ಮೊದಲ ಸಲ ಈಜುಕೊಳ, ಆಮೇಲೆ 5–6 ಮೀಟರ್‌ನ ಶಾಂತ ನೀರು, ಜೊತೆಗೆ ಇನ್‌ಸ್ಟ್ರಕ್ಟರ್ ಅಥವಾ ಅನುಭವ ಇರೋ ಜೊತೆಗಾರ. ಹೊಸ ಸ್ಪೂಲ್‌ನ ಸೀದಾ ಆಳಕ್ಕೆ ತಗೊಂಡು ಹೋಗೋದು ಬೇಡ.

1. ಮೇಲೆ ನೋಡಿ. ದೋಣಿ, ಬೇರೆ ಡೈವರ್ ಯಾರೂ ಇಲ್ಲ ಅಂತ ಖಾತ್ರಿ ಮಾಡ್ಕೊಂಡು ಜೊತೆಗಾರನಿಗೆ ಸನ್ನೆ ಮಾಡಿ.
2. ಆಳ ಸ್ಥಿರ ಮಾಡ್ಕೊಳ್ಳಿ. ತೇಲುವಿಕೆ ಸರಿ ಇಲ್ದೆ ಮುಂದಿನ ಹೆಜ್ಜೆ ಇಡ್ಬೇಡಿ.
3. ಕಟ್ಟು ಈಚೆ ತೆಗೆದು, ಉಂಗುರ ಕಳಚಿ, ಚೀಲ ಬಿಚ್ಚಿ. ಉಂಗುರ ಮಣಿಕಟ್ಟಿಗೆ ಹಾಕ್ಕೊಳ್ಳಿ, ಸಮುದ್ರಕ್ಕಲ್ಲ.
4. ಡಬಲ್ ಎಂಡರ್ ಬಿಡಿಸಿ ಎದೆ ಪಟ್ಟಿಯ ಡಿ ರಿಂಗ್‌ಗೆ (ಡಿ ಆಕಾರದ ಲೋಹದ ಉಂಗುರ) ಸಿಕ್ಕಿಸಿ. ಕ್ಲಿಪ್ ಮಾತ್ರ, ಸ್ಪೂಲ್ ಅಲ್ಲ.
5. ಹೆಬ್ಬೆರಳು ಒಂದು ಕಡೆಯಿಂದ ತೋರುಬೆರಳು ಇನ್ನೊಂದು ಕಡೆಯಿಂದ ತೂತಿಗೆ ಇಟ್ಟು ಸ್ಪೂಲ್ ಹಿಡೀರಿ. ಬೆರಳು ಆರುಪಾರು ತೂರಿಸ್ಬೇಡಿ. ನನ್ನ ಪ್ಲೈವುಡ್ ಕಥೆ ನೆನಪಿರ್ಲಿ.
6. ಸ್ವಲ್ಪ ಗಾಳಿ ಊದಿ, ಚೀಲ ನೆಟ್ಟಗೆ ನಿಲ್ಲೋಷ್ಟು ಮಾತ್ರ. ಈಗ ಒಂದು ಸಲ ಹುರಿ ಉದ್ದಕ್ಕೂ ಕಣ್ಣು ಹಾಯಿಸಿ, ಆಕ್ಟೋಪಸ್ (ಉಸಿರಾಡೋಕೆ ಇರೋ ಎರಡನೇ, ಹೆಚ್ಚುವರಿ ರೆಗ್ಯುಲೇಟರ್), ಮಾಸ್ಕ್ ಪಟ್ಟಿ, ಕೈಗೆ ಕಟ್ಟಿರೋ ಡೈವ್ ಕಂಪ್ಯೂಟರ್ ಯಾವುದಕ್ಕೂ ಸುತ್ತಿಲ್ಲ ತಾನೇ?
7. ಉಳಿದ ಗಾಳಿ ತುಂಬಿ, ತೋಳು ದೂರ ಚಾಚಿ, ಬಿಡಿ. ಸ್ಪೂಲ್ ಬೆರಳ ಮಧ್ಯೆ ತಾನಾಗೇ ತಿರುಗತ್ತೆ, ಹಿಚುಕಬೇಡಿ.

ಗಾಳಿ ತುಂಬೋ ಬಗ್ಗೆ ಸ್ವಲ್ಪ ಜಾಸ್ತಿ ಹೇಳ್ಬೇಕು. ನಿಮ್ಮ ಶ್ವಾಸಕೋಶದ ಗಾಳಿನೇ ಊದಿದ್ರೆ ಒಟ್ಟು ತೇಲುವಿಕೆ ಬದಲಾಗಲ್ಲ, ಒಳಗಿದ್ದ ಗಾಳಿ ಕೈಯಲ್ಲಿರೋ ಚೀಲಕ್ಕೆ ಹೋಯ್ತು ಅಷ್ಟೇ. ಆದ್ರೆ ಊದಿ ಆದ್ಮೇಲೆ ಮತ್ತೆ ಉಸಿರು ಎಳ್ಕೊಂಡ್ರಿ ಅಂದ್ರೆ ಮೇಲೆ ಹೋಗೋಕೆ ಶುರು, ಅದಕ್ಕೇ ಊದೋದು ಬಿಡೋದು ಒಂದರ ಹಿಂದೊಂದು ಆಗ್ಬೇಕು. ಆಕ್ಟೋಪಸ್‌ನಿಂದ ತುಂಬಿದ್ರೆ ಸಿಲಿಂಡರ್‌ನ ಗಾಳಿ ಹೊಸದಾಗಿ ಸೇರತ್ತೆ, ಮೇಲೆಳೆತ ತಕ್ಷಣ ಗೊತ್ತಾಗತ್ತೆ. ತಣ್ಣೀರಲ್ಲಿ ಪರ್ಜ್ (ರೆಗ್ಯುಲೇಟರ್‌ನಿಂದ ಗಾಳಿ ಬಿಡೋ ಗುಂಡಿ) ಒತ್ತಿದ್ರೆ ರೆಗ್ಯುಲೇಟರ್ ಹೆಪ್ಪುಗಟ್ಟಿ ನಿಲ್ಲದೇ ಹರಿಯೋಕೆ ಶುರು ಮಾಡಬಹುದು, ಹಾಗಾಗಿ ಅಂಥ ಕಡೆ ತೆರೆದ ಬಾಯಿಯ ಚೀಲನ ನೀವು ಬಿಡೋ ಗುಳ್ಳೆಗಳ ಮೇಲೆ ಹಿಡಿಯೋದೇ ಒಳ್ಳೇದು, ರೆಗ್ಯುಲೇಟರ್ ಬಾಯಿಂದ ತೆಗೆಯೋದೇ ಬೇಡ.

ಎಷ್ಟು ತುಂಬ್ಬೇಕು? ಆ 8.5 ಲೀಟರ್ ಚೀಲಕ್ಕೆ 20 ಮೀಟರ್‌ನಲ್ಲಿ ಮೂರು ಲೀಟರ್‌ಗಿಂತ ಕಮ್ಮಿ ಸಾಕು. 5 ಮೀಟರ್‌ನಲ್ಲಿ ಒತ್ತಡ ಒಂದೂವರೆ ಬಾರ್ ಮಾತ್ರ, ಅಲ್ಲಿ ಐದೂವರೆ ಲೀಟರ್‌ಗಿಂತ ಜಾಸ್ತಿ ಬೇಕು. ಆಳದಲ್ಲಿ ಸಲೀಸಾಗಿ ನಿಂತ ಚೀಲ ಮೇಲಿನ ನೀರಲ್ಲಿ ಸೋತು ಮಲಗೋದು ಇದಕ್ಕೇ.

ಮೇಲೆ ಮುಟ್ಟಿದ್ದು ಹುರಿ ಸಡಿಲ ಆದಾಗ ಗೊತ್ತಾಗತ್ತೆ. ಸಡಿಲ ಸುತ್ತಿಕೊಂಡು ಸಣ್ಣಗೆ ಕೆಳಗೆ ಜಗ್ಗಿ ಹಿಡೀರಿ, ಆ ಬಿಗಿಯಿಂದಲೇ ಚೀಲ ನೆಟ್ಟಗೆ ನಿಲ್ಲೋದು. ಹುರಿನ ಸುತ್ತುತ್ತಾ ನಿಮಿಷಕ್ಕೆ 9 ಮೀಟರ್ ದಾಟದ ಹಾಗೆ ಏರಿ, 5 ಮೀಟರ್‌ನಲ್ಲಿ ಡಬಲ್ ಎಂಡರ್ ಹಾಕಿ ಸ್ಪೂಲ್ ಲಾಕ್ ಮಾಡಿ 3 ನಿಮಿಷ ನಿಲ್ಲಿ. ಹುರಿಗೆ ಜೋತುಬೀಳ್ಬೇಡಿ, ಅದು ಏಣಿ ಅಲ್ಲ.

## 8. ಯಾವಾಗ ಕೈ ಬಿಡ್ಬೇಕು

ಸ್ಪೂಲ್ ತಿರುಗೋದು ನಿಂತ್ರೆ, ಹುರಿ ಎಲ್ಲಾದ್ರೂ ಸಿಕ್ಕಿದ್ರೆ, ನೀವು ಮೇಲಕ್ಕೆ ಹೋಗ್ತಿದ್ದೀರಿ ಅನಿಸಿದ್ರೆ, ಬಿಟ್ಬಿಡಿ. ಪೂರ್ತಿ ಸ್ಪೂಲ್ ಬಿಟ್ಬಿಡಿ. ಎರಡು ದಿನ ಕೂತು ಅರ ಹಾಕಿ ಮಾಡಿದ್ದು ಅಂತ ಕೈ ಬಿಗಿ ಹಿಡಿಯತ್ತೆ, ಮನೇಲಿ ಮಾಡಿದ ಸಾಮಾನಿನ ದೊಡ್ಡ ಅಪಾಯ ಇದೇ. ಬೇಗ ಮೇಲೆ ಎಳೆದ್ರೆ ಶ್ವಾಸಕೋಶ ಹಿಗ್ಗಿ ಹರಿಯಬಹುದು, ಡಿಕಂಪ್ರೆಷನ್ ಕಾಯಿಲೆ (ಬೇಗ ಮೇಲೆ ಬಂದಾಗ ಮೈಯಲ್ಲಿ ಗಾಳಿ ಗುಳ್ಳೆ ಕಟ್ಟೋದು) ಬರಬಹುದು. ಬಿಡೋ ಹೊತ್ತಲ್ಲಿ ಸ್ಪೂಲ್‌ನ ಬಿಸಿಡಿಗೆ (ಗಾಳಿ ತುಂಬಿ ತೇಲುವಿಕೆ ಸರಿಮಾಡ್ಕೊಳ್ಳೋ ಜಾಕೆಟ್) ಕ್ಲಿಪ್ ಮಾಡಿರಬಾರದು ಅಂತ ಎಲ್ರೂ ಹೇಳೋದೂ ಇದಕ್ಕೇ, ಕ್ಲಿಪ್ ಮಾಡಿದ್ರೆ ಕೈ ಬಿಟ್ರೂ ಬಿಟ್ಟಂಗಾಗಲ್ಲ. ಒಂದು ಕಟಿಂಗ್ ಟೂಲ್ ಎರಡೂ ಕೈಗೆ ಸಿಗೋ ಜಾಗದಲ್ಲಿರ್ಲಿ. ಹಾಗೇ ಇಬ್ಬರಿಗೆ ಒಂದೇ ಎಸ್‌ಎಂಬಿ ಅಂತ ಇಟ್ಕೋಬೇಡಿ, ಒಬ್ಬರದ್ದು ಹೋದ್ರೆ ಇನ್ನೊಬ್ಬರದ್ದು ಇರತ್ತೆ.

## 9. ಡೈವ್ ಆದ್ಮೇಲೆ

ಹುರಿ ಪೂರ್ತಿ ಬಿಚ್ಚಿ ಸಿಹಿನೀರಲ್ಲಿ ತೊಳೀರಿ, ಮೇಲ್ಪದರ ಮಾತ್ರ ತೊಳೆದ್ರೆ ಒಳಗೆ ಉಪ್ಪು ಕೂತ್ಕೊಂಡು ಹುರಿನೇ ಗರಗಸ ಥರ ಆಗತ್ತೆ. ಬಿಚ್ಚೋವಾಗ ಬೆರಳ ಮಧ್ಯೆ ಹಾಯಿಸಿ, ತುಪ್ಪಳ ಎದ್ದಿರೋ ಜಾಗ ಸಿಕ್ಕಿದ್ರೆ ಅಲ್ಲಿ ಗಂಟು ಹಾಕಿ ಸರಿ ಮಾಡೋಕೆ ಹೋಗ್ಬೇಡಿ, ಹುರಿನೇ ಬದಲಾಯಿಸಿ. ಚೀಲದ ವಾಲ್ವ್‌ನ ನೀರಲ್ಲಿ ನಾಲ್ಕು ಸಲ ಎಳೆದು ಬಿಡಿ, ಮರಳಿನ ಒಂದು ಕಾಳು ಕೂತಿದ್ರೂ ಮುಂದಿನ ಸಲ ಸೋರತ್ತೆ. ಎಲ್ಲಾನೂ ನೆರಳಲ್ಲಿ ಒಣಗಿಸಿ. ಸೈಕಲ್ ಟ್ಯೂಬ್ ಉಂಗುರನ ಎಳೆದು ಬೆಳಕಿಗೆ ಹಿಡಿದು ನೋಡಿ, ಸಣ್ಣ ಸಣ್ಣ ಬಿರುಕು ಕಂಡ್ರೆ ಇನ್ನೊಂದು ಕತ್ತರಿಸಿ, ಹೆಂಗೂ ಒಂದು ಟ್ಯೂಬ್‌ನಲ್ಲಿ ಐವತ್ತು ಉಂಗುರ ಬರತ್ತೆ.